ಸ್ಲೇಟಿಗೆ ಮುಂಚೆ ಚಿಪ್ಪು, ಹುಣಸೆ ಬೀಜ

"ಮಿಸ್, ನಮ್ ಹುಡುಗನಿಗೆ ಇನ್ನೂ ಅಆಇಈ ಬರಲ್ವಲ್ಲ. ಕಾನ್ವೆಂಟಲ್ಲಿ ಅವನ ವಾರಿಗೆಯವರು ಎಬಿಸಿಡಿ ಪೂರ್ತಿ ಬರೀತಾರಂತೆ." ಜೂನ್ ಬಂತೆಂದರೆ ಈ ಮಾತು ಒಬ್ಬರಲ್ಲ ಒಬ್ಬ ತಾಯಿಯಿಂದ ಬಂದೇ ಬರುತ್ತದೆ. ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಒಂದು ಕೋಣೆ, ಪಕ್ಕದಲ್ಲಿ ಅಡುಗೆಮನೆ, ಮುಂದೆ ಒಂದಿಷ್ಟು ಅಂಗಳ. ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಟ್ಟಿಗೇ. ಇವರಿಗೆ ನಾನು ಮೊದಲ ಎರಡು ವರ್ಷ ಸ್ಲೇಟು ಮುಟ್ಟಿಸುವುದಿಲ್ಲ. ಹಾಗಾದರೆ ದಿನವಿಡೀ ಏನು ಮಾಡಿಸುತ್ತೀರಿ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೂರು ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಗೀಚುವಾಗ ಇಡೀ ತೋಳು ಆಡುತ್ತದೆ, ಬೆರಳು ಆಡುವುದಿಲ್ಲ. ನೋಡಿಕೊಂಡು ಒಂದು ಸುತ್ತು ಹಾಕು ಅಂದರೆ ಮೂರರ ಹೊತ್ತಿಗೆ ಹಾಕುತ್ತದೆ. ಕೂಡಿಸುವ ಗುರುತು ಬರುವುದು ನಾಲ್ಕರ ಆಸುಪಾಸಿನಲ್ಲಿ, ಚೌಕ ಇನ್ನೂ ತಡ, ತ್ರಿಕೋನ ಐದರ ಹತ್ತಿರ. ಚೌಕವೇ ಬಾರದ ಕೈಗೆ ನಮ್ಮ 'ಈ' ಕೊಟ್ಟು ತಿದ್ದು ಅಂದರೆ ಅದಾದರೂ ಏನು ಮಾಡೀತು? ಒಳಗೆ ಸುತ್ತಿ, ಹೊರಗೆ ಬಂದು, ಮತ್ತೆ ಒಳಗೆ ಹೋಗುವ ಅಕ್ಷರ ಅದು. ಹಾಗಾಗಿ ಮೊದಲು ಬೆರಳಿಗೆ ಬಲ ಬರಲಿ ಅನ್ನುವುದು ನನ್ನ ಲೆಕ್ಕ.

ಬೆರಳಿಗೆ ಕೆಲಸ ಕೊಡುವುದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ನಮ್ಮ ಕೇಂದ್ರದಲ್ಲಿ ಮೊಟ್ಟೆ ಕೊಡುವ ದಿನ ಸಹಾಯಕಿ ಅಕ್ಕ ಬೇಯಿಸಿ ತಣಿಸಿ ಹಾಗೇ ಕೊಡುತ್ತಾರೆ, ಸಿಪ್ಪೆ ಬಿಡಿಸುವುದು ಮಕ್ಕಳ ಕೆಲಸ. ನೆಲಕ್ಕೆ ಮೆಲ್ಲಗೆ ಕುಟ್ಟಿ, ಉಗುರಿನಿಂದ ಒಂದು ಚೂರು ಎಬ್ಬಿಸಿ, ಬಿಳಿ ಭಾಗ ಕಿತ್ತು ಬಾರದಂತೆ ಸುಲಿಯಬೇಕು. ದೊಡ್ಡವರು ಅರ್ಧ ನಿಮಿಷದಲ್ಲಿ ಮಾಡುವುದನ್ನು ಅವರು ನಾಲಿಗೆ ಕಚ್ಚಿಕೊಂಡು ಬಲು ಹೊತ್ತು ಮಾಡುತ್ತಾರೆ. ಆಗ ಕೈ ಹಾಕಿ ಸಹಾಯ ಮಾಡದೆ ಸುಮ್ಮನಿರುವುದಿದೆಯಲ್ಲ, ಅದೇ ನಮಗೆ ಕಷ್ಟ.

ಅವರೆಕಾಯಿ ಕಾಲದಲ್ಲಂತೂ ಹಬ್ಬ. ಡಿಸೆಂಬರ್, ಜನವರಿಯಲ್ಲಿ ಯಾರಾದರೂ ಒಂದು ಚೀಲ ಕಾಯಿ ತಂದುಕೊಡುತ್ತಾರೆ. ಚಿಕ್ಕವರು ಕಾಯಿ ಸುಲಿಯುತ್ತಾರೆ. ನಾಲ್ಕು ದಾಟಿದವರಿಗೆ ನೆನೆಸಿದ ಕಾಳು ಹಿತುಕುವ ಕೆಲಸ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳಿಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಸಕ್ಕನೆ ಹಾರುತ್ತದೆ. ಮೊದಲು ಗೋಡೆಗೆ ಹಾರುತ್ತದೆ, ಪಕ್ಕದವಳ ಜಡೆಗೆ ಹಾರುತ್ತದೆ, ಎಲ್ಲರೂ ನಗುತ್ತಾರೆ. ನಾಲ್ಕು ದಿನ ಹಿತುಕಿದ ಮೇಲೆ ಬೇಳೆ ನೇರ ಪಾತ್ರೆಗೇ ಬೀಳತೊಡಗುತ್ತದೆ. ಆ ಎರಡು ಬೆರಳಿಗೆ ಆ ಹಿಡಿತ ಬಂದರೆ ಬಳಪದ ಹಿಡಿತ ನಾನು ಬೇರೆಯಾಗಿ ಕಲಿಸಬೇಕಾಗಿಲ್ಲ. ಹಸಿ ಕಾಳು ಮಾತ್ರ ಬಾಯಿಗೆ ಹೋಗದಂತೆ ಕಣ್ಣಿಟ್ಟಿರಬೇಕು.

ಉಳಿದ ಸಾಮಾನೆಲ್ಲ ಊರಿನದೇ. ಕೊಬ್ಬರಿ ಊರಾದ್ದರಿಂದ ಚಿಪ್ಪಿಗೆ ಬರವಿಲ್ಲ. ಅಂಚು ಉಜ್ಜಿ ನುಣುಪು ಮಾಡಿದ ಚಿಪ್ಪುಗಳು ನಮ್ಮಲ್ಲಿ ದೊಡ್ಡದು, ಸಣ್ಣದು, ಅದಕ್ಕಿಂತ ಸಣ್ಣದು ಅಂತ ಸಾಲಾಗಿವೆ. ಮೂರರ ಮಕ್ಕಳು ಬಕೆಟ್ಟಿನ ನೀರನ್ನು ಚಿಪ್ಪಿನಿಂದ ಚಿಪ್ಪಿಗೆ ಸುರಿಯುತ್ತಾ ಕೂರುತ್ತವೆ. ಸಣ್ಣ ಚಿಪ್ಪಿನಲ್ಲಿ ಎಷ್ಟು ಸಲ ಹಾಕಿದರೆ ದೊಡ್ಡದು ತುಂಬುತ್ತದೆ ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ. ಮಾವಿನ ಓಟೆ, ಹೊಂಗೆ ಕಾಯಿ, ಬಾಟಲಿ ಮುಚ್ಚಳ, ತೆಂಗಿನ ಗರಿ, ದರ್ಜಿ ಅಂಗಡಿಯ ಚಿಂದಿ ಬಟ್ಟೆ, ಎಲ್ಲವೂ ಬುಟ್ಟಿಯಲ್ಲಿವೆ. ಇದೇನು ನನ್ನ ಸಂಶೋಧನೆಯಲ್ಲ. 1945ರಲ್ಲೇ ಶಿಶು ಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಕೆಲಸ ಶುರುಮಾಡಿದಾಗ, ದುಡ್ಡು ಕೊಟ್ಟು ತರಿಸುವ ಮಾಂಟೆಸ್ಸರಿ ಶಾಲೆಗಳ ಕಲಿಕೆ ಸಾಮಾನಿನ ಬದಲು ಅಲ್ಲೇ ಸಿಗುವ ವಸ್ತುಗಳನ್ನೇ ನೆಚ್ಚಿಕೊಂಡಿದ್ದರು.

ಕಾಡು ಮೇಡಿನ ಬೀಜ ಆರಿಸುವಾಗ ಎರಡನ್ನು ಮಾತ್ರ ಹತ್ತಿರಕ್ಕೂ ಸೇರಿಸಬೇಡಿ: ಗುಲಗಂಜಿ ಮತ್ತು ಹರಳೆಣ್ಣೆ ತೆಗೆಯುವ ಹರಳು ಬೀಜ. ಗುಲಗಂಜಿಯ ಕೆಂಪು ಕಪ್ಪು ಬಣ್ಣ ಎಂಥವರನ್ನೂ ಸೆಳೆಯುತ್ತದೆ, ಬಣ್ಣ ಬೇರ್ಪಡಿಸುವ ಆಟಕ್ಕೆ ಚೆನ್ನ ಅನ್ನಿಸುತ್ತದೆ. ಎರಡೂ ಭಾರೀ ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಹೂವು ಜೋಡಿಸುವ ಆಟದಲ್ಲಿ ಕಣಗಿಲೆಯೂ ಬೇಡ. ಇನ್ನು ಸಣ್ಣ ಬೀಜ ಯಾವುದೇ ಆಗಲಿ, ಹೊಸದಾಗಿ ಸೇರಿದ ಮೂರರ ಮಗುವಿನ ಕೈಗೆ ಕೊಡುವುದಿಲ್ಲ. ಅದು ಸೀದಾ ಮೂಗಿಗೋ ಕಿವಿಗೋ ಹೋಗುತ್ತದೆ.

ಹುಣಸೆ ಬೀಜ ಹಿರಿಯ ಮಕ್ಕಳ ಆಸ್ತಿ. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿದರೆ ಕಂದು ಸಿಪ್ಪೆ ಸವೆದು ಬಿಳಿ ಕಾಣುತ್ತದೆ. ಚೌಕಾಬಾರಕ್ಕೆ ನಮ್ಮ ಅಜ್ಜಿಯರು ಮಾಡಿಕೊಳ್ಳುತ್ತಿದ್ದದ್ದು ಇದನ್ನೇ. ನಾಲ್ಕು ಬೀಜ ಎಸೆದು ಎಷ್ಟು ಬಿಳಿ, ಎಷ್ಟು ಕಂದು ಅಂತ ನೋಡಿ. ಮೂರು ಬಿಳಿ, ಒಂದು ಕಂದು. ಎರಡು ಬಿಳಿ, ಎರಡು ಕಂದು. ನಾಲ್ಕೂ ಕಂದು. ಎಸೆದಷ್ಟೂ ಸಲ ನಾಲ್ಕೇ, ಆದರೆ ಒಳಗಿನ ಪಾಲು ಬೇರೆ ಬೇರೆ. ಚೌಕಾಬಾರ ಪೂರ್ತಿ ಆಡಲು ಇವರಿಗೆ ಬಾರದು, ಬರಬೇಕಾಗಿಯೂ ಇಲ್ಲ. ಬಿಳಿ ಬಿದ್ದಷ್ಟು ಮನೆ ದಾಟಿ ನೆಲದ ಮೇಲೆ ತಾವೇ ಕುಪ್ಪಳಿಸುತ್ತಾರೆ.

ಅಕ್ಷರಕ್ಕೆ ಮುಂಚೆ ಕಿವಿಯೂ ತಯಾರಾಗಬೇಕು. ಅದಕ್ಕೆ ನಮ್ಮದು ಚಪ್ಪಾಳೆ ಆಟ, ಹಾಜರಿ ಹೊತ್ತಿಗೇ ಆಗಿಹೋಗುತ್ತದೆ. ಹೆಸರು ಕರೆದಾಗ ಮಗು ಎದ್ದು ತನ್ನ ಹೆಸರಿನ ಒಂದೊಂದು ಅಕ್ಷರಕ್ಕೆ ಒಂದೊಂದು ಚಪ್ಪಾಳೆ ಹೊಡೆಯಬೇಕು. ತನ್ವಿ, ಎರಡು. ಆದ್ಯ, ಎರಡು. ಈಗಿನ ಹೆಸರುಗಳೆಲ್ಲ ಎರಡಕ್ಕೇ ಮುಗಿದುಹೋಗುತ್ತವೆ. ಯಶ್‌ಗೆ ಒಂದೋ ಎರಡೋ ಎಂದು ಜಗಳವೇ ನಡೆಯಿತು. ಆಟ ಸಪ್ಪೆಯಾಯಿತೆಂದು ಅಜ್ಜ ಅಜ್ಜಿಯರ ಹೆಸರು ಕೇಳಿಕೊಂಡು ಬನ್ನಿ ಅಂದೆ. ಸಿದ್ದಲಿಂಗಮ್ಮ, ಕೆಂಪನಂಜಮ್ಮ, ಶಿವಲಿಂಗಯ್ಯ ಎಲ್ಲ ಬಂದರು. ಐದೈದು ಚಪ್ಪಾಳೆ! "ನಮ್ಮಜ್ಜಿದೇ ದೊಡ್ಡದು" ಅಂತ ಮೆರೆದದ್ದೇ ಮೆರೆದದ್ದು. ಮುಂದೆ ಆ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಬೆರಳಿಟ್ಟು ಐದು ಅಕ್ಷರ ಎಣಿಸುತ್ತಾರೆ, ಓದಲು ಬಾರದಿದ್ದರೂ.

ಅಂಗಳದಲ್ಲಿ ಕೆರೆ ದಡ. ಗೆರೆಯ ಒಳಗೆ ಕೆರೆ, ಹೊರಗೆ ದಡ. ಹೇಳಿದ ಕಡೆಗೆ ನೆಗೆಯಬೇಕು. ಕೆರೆ, ದಡ, ಕೆರೆ, ದಡ ಎಂದು ತಾಳ ಕೂರಿಸಿ, ಥಟ್ಟನೆ ಎರಡು ಸಲ 'ದಡ' ಅಂದುಬಿಟ್ಟರೆ ಮುಕ್ಕಾಲು ಪಾಲು ಕೆರೆಗೆ ಬಿದ್ದಿರುತ್ತಾರೆ. ನೆಗೆಯಲು ಸಿದ್ಧವಾದ ಕಾಲನ್ನು ಮಾತು ಕೇಳಿ ತಡೆದುಕೊಳ್ಳುವುದು ಸಣ್ಣ ಕಲಿಕೆಯಲ್ಲ. ತಪ್ಪಿದವರನ್ನು ಔಟ್ ಮಾಡುವ ಪದ್ಧತಿ ನನ್ನಲ್ಲಿಲ್ಲ. ಔಟಾಗುವುದು ಯಾವಾಗಲೂ ಚಿಕ್ಕವರೇ. ಆಟ ಹೆಚ್ಚು ಬೇಕಾದವರೇ ಮೂಲೆಯಲ್ಲಿ ಕೂತರೆ ಆಡಿಸಿ ಏನು ಬಂತು? ಮಳೆ ಬಂದರೆ ಕೋಣೆಯೊಳಗೆ ಸೀಮೆಸುಣ್ಣದಲ್ಲಿ ಗೆರೆ.

ಎಣಿಕೆಗೆ ಊಟದ ತಟ್ಟೆ ಸಾಕು. ಇವತ್ತು ಎಷ್ಟು ಜನ ಬಂದಿದ್ದೀರೋ ಅಷ್ಟು ತಟ್ಟೆ ತಾ ಅನ್ನುತ್ತೇನೆ, ಉಳಿದರೂ ಸಾಲದಾದರೂ ಅವರೇ ಸರಿಮಾಡಬೇಕು.

ಇದೆಲ್ಲ ಕೇಳಲು ಚೆಂದ, ಆದರೆ ನನಗೆ ಪೂರ್ತಿ ಹೊತ್ತು ಮಕ್ಕಳ ಜೊತೆ ಕೂರಲು ಸಿಗುವುದಿಲ್ಲ. ಅಂಗನವಾಡಿಗಳನ್ನು ನಡೆಸುವ ನಮ್ಮ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂದಿನಿಂದಲೂ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಇವುಗಳ ಜೊತೆಯಲ್ಲೇ ಶಾಲಾಪೂರ್ವ ಶಿಕ್ಷಣವೂ ನಮ್ಮ ತಲೆ ಮೇಲಿದೆ. ತೂಕ ತೆಗೆಯಬೇಕು, ಅದನ್ನು ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬಬೇಕು, ನೆಟ್‌ವರ್ಕ್ ಇಲ್ಲದೆ ಫೋನು ಹಿಡಿದು ಅಂಗಳದಲ್ಲಿ ಸುತ್ತಬೇಕು, ಗರ್ಭಿಣಿಯರು ಬಂದರೆ ವಿಚಾರಿಸಬೇಕು. ಅದಕ್ಕೇ ನಾನು ಆಟ ಆರಿಸುವಾಗ ನೋಡುವುದು, ನಾನಿಲ್ಲದೆ ಇದು ಎಷ್ಟು ಹೊತ್ತು ನಡೆಯುತ್ತದೆ ಅಂತ. ಹಾಡು, ಕಥೆ ನಾನು ಎದ್ದ ಕ್ಷಣ ನಿಲ್ಲುತ್ತವೆ. ಚಿಪ್ಪು, ನೀರು, ಮಣ್ಣು, ಬೀಜ ನಿಲ್ಲುವುದಿಲ್ಲ. ವಯಸ್ಸು ಬೆರೆತಿರುವುದೂ ಇಲ್ಲಿ ಅನುಕೂಲ: ಐದರ ಹುಡುಗಿ ನಾಲ್ಕರವನಿಗೆ ಬೀಜ ಉಜ್ಜುವುದು ತೋರಿಸುತ್ತಿರುತ್ತಾಳೆ, ನಾನು ಹೇಳಿದ್ದಕ್ಕಿಂತ ಜೋರಾಗಿ ಗದರಿಸಿಕೊಂಡು.

ಸ್ಲೇಟು ಕೊಡುವುದು ಒಂದನೇ ತರಗತಿಗೆ ಹೋಗುವ ಮುಂಚಿನ ವರ್ಷ. ಆಗಲೂ ವರ್ಣಮಾಲೆಯ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಇಂದ ಶುರು. ಮುಂದೆ ಸರ್ಕಾರಿ ಶಾಲೆಯಲ್ಲಿ ಅವರಿಗೆ ಸಿಗುವುದು ನಲಿಕಲಿ, ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದು ಇದೇ ಕ್ರಮದಲ್ಲಿ. 'ರ' ಬರೆಯಲು ಬಂದ ಕೈಗೆ 'ಗ', 'ಸ' ದೂರವಲ್ಲ. ಮೊದಲು ಮಣ್ಣಿನಲ್ಲಿ ಬೆರಳಿಂದ, ಆಮೇಲೆ ಬೀಜ ಜೋಡಿಸಿ, ಕೊನೆಗೆ ಬಳಪ.

ತಾಯಂದಿರ ಪ್ರಶ್ನೆಗೆ ಬರೀ ಬಾಯಿಮಾತಿನ ಉತ್ತರ ಸಾಲದು. ತಾಯಂದಿರೂ ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆ ಇದ್ದಾಗ ಎಲ್ಲರಿಗೂ ಒಂದೊಂದು ಸ್ಲೇಟು ಕೊಟ್ಟು, "ಎಡಗೈಯಲ್ಲಿ ಹತ್ತು 'ಈ' ಬರೀರಿ" ಅನ್ನುತ್ತೇನೆ. ನಾಲ್ಕನೆಯದಕ್ಕೇ ಬೆರಳು ಬಿಗಿಯುತ್ತದೆ, ಸ್ಲೇಟು ಜಾರುತ್ತದೆ, "ಅಯ್ಯೋ ಸಾಕು ಬಿಡಿ ಮಿಸ್" ಅನ್ನುತ್ತಾರೆ. ನಿಮ್ಮ ಮಗುವಿಗೆ ಎರಡೂ ಕೈ ಈಗ ಹೀಗೇ ಇದೆ ಅಂದರೆ ಮುಂದೆ ವಾದ ಇರುವುದಿಲ್ಲ. ಆದರೂ ಒಂದಿಬ್ಬರು ವ್ಯಾನು ಬರುವ ಕಾನ್ವೆಂಟಿಗೆ ಸೇರಿಸಿಯೇ ಸೇರಿಸುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಮನೆಯಲ್ಲಿ ಅವರೆಕಾಯಿ ಸುಲಿಯುವಾಗ ಮಗುವನ್ನು ಎಬ್ಬಿಸಿ ಕಳಿಸಬೇಡಿ ಅಂತ ಮಾತ್ರ ಹೇಳಿರುತ್ತೇನೆ.