ಅಜ್ಜಿಯ ಸೀರೆಗೆ ಕತ್ತರಿ ಇಡುವ ಮೊದಲು

ನಮ್ಮ ಅಕ್ಕ ತೀರಿಹೋಗಿ ಹನ್ನೊಂದು ತಿಂಗಳಾಯಿತು. ವರ್ಷಾಂತಿಕದೊಳಗೆ ಅವಳ ಸೀರೆಗಳಲ್ಲಿ ಒಂದು ಕೌದಿ, ಅಂದರೆ ಹಳೆ ಬಟ್ಟೆಯ ಪದರ ಕೂಡಿಸಿದ ಹೊದಿಕೆ, ಹೊಲಿಯೋಣ ಎಂದು ಮೊಮ್ಮಕ್ಕಳು ಹೊರಟರು. ಒಳ್ಳೆಯ ಬುದ್ಧಿಯೇ. ಆದರೆ ಟ್ರಂಕಿನ ಮುಚ್ಚಳ ತೆಗೆದವರೇ ಕತ್ತರಿ ಹಿಡಿದು ಕುಳಿತುಬಿಟ್ಟಿದ್ದಾರೆ. ನಾನು ಧಾರವಾಡದಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಒಂಬತ್ತು ಗಜದ ಇಳಕಲ್ ಸೀರೆಯೊಂದು ಅಂಗೈ ಅಗಲದ ಚೌಕಗಳಾಗಿ ನೆಲದ ತುಂಬ ಬಿದ್ದಿತ್ತು. ಅಳು ಬರಬೇಕಿತ್ತು, ಸಿಟ್ಟು ಬಂತು. ಮೊಬೈಲಿನಲ್ಲಿ ನೋಡಿ ಕಲಿತರಂತೆ. ಎದುರಿಗೆ ಬದುಕಿರುವ ಮುದುಕಿಯನ್ನು ಕೇಳಲು ಏನು ಧಾಡಿ?

ಹತ್ತಿಯ ಹಳೆ ಸೀರೆಯನ್ನು ಕತ್ತರಿಸಬಾರದು, ಹರಿಯಬೇಕು. ಅಂಚಿನಲ್ಲಿ ಉಗುರಿನಷ್ಟು ಕತ್ತರಿ ತಾಗಿಸಿ ಎರಡೂ ಕೈಯಿಂದ ಎಳೆದರೆ ನೂಲಿನ ಗುಂಟ ತಾನೇ ನೆಟ್ಟಗೆ ಹರಿಯುತ್ತದೆ. ವಾರೆಯಾಗಿ ಕತ್ತರಿಸಿದ ತುಂಡು ಒಗೆದಾಗ ಒಂದು ಕಡೆಗೆ ಜಗ್ಗುತ್ತದೆ. ಸೆರಗನ್ನು ಮಾತ್ರ ಮುಟ್ಟಬೇಡಿ. ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮಗ್ಗದಲ್ಲಿ ಮೈಯ ಹಾಸಿನ ಎಳೆಗೆ, ಅಂದರೆ ಉದ್ದಕ್ಕೆ ಹೋಗುವ ನೂಲಿಗೆ, ಸೆರಗಿನ ಹಾಸಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೀರೆ ಮುಪ್ಪಾದಾಗ ಮೊದಲು ಸೋಲುವುದು ಆ ಜಾಗವೇ. ಅಲ್ಲಿಂದ ಒಂದು ಗೇಣು ಬಿಟ್ಟು ಹರಿಯಿರಿ. ಹತ್ತಿ ಕುಗ್ಗುವ ರೀತಿಯೇ ಬೇರೆ, ರೇಷ್ಮೆ ಕುಗ್ಗುವ ರೀತಿಯೇ ಬೇರೆ. ಎರಡನ್ನೂ ಒಂದೇ ಕೌದಿಗೆ ಹಚ್ಚಿದರೆ ಒಂದೆರಡು ಒಗೆತಕ್ಕೆ ಸೆರಗು ಸೀಳುತ್ತದೆ, ಕೆಂಪು ಬಣ್ಣ ಬಿಟ್ಟು ಉಳಿದದ್ದನ್ನೂ ಕೆಡಿಸುತ್ತದೆ. ಅಕ್ಕನ ಟೋಪ ತೆನಿ, ಅಂದರೆ ಗೋಪುರದಂಥ ಸಾಲಿನ ಸೆರಗುಗಳನ್ನು ಹಳೆ ಧೋತರದಲ್ಲಿ ಸುತ್ತಿ ದೊಡ್ಡ ಮೊಮ್ಮಗಳ ಕೈಗೆ ಕೊಟ್ಟಿದ್ದೇನೆ. ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ವಾಪಸು ತರುತ್ತೇನೆ ಎಂದೂ ಹೇಳಿದ್ದೇನೆ.

ಇನ್ನು ಒಗೆಯುವುದು. ಅಕ್ಕನ ಒಂದು ತಿಳಿಬೂದು ಸೀರೆಯಲ್ಲಿ ಸೊಂಟದ ಕೆಳಗೆ ಅರಿಸಿನದ ಕಲೆ ಇತ್ತು. ಒಗ್ಗರಣೆಗೆ ಅರಿಸಿನ ಹಾಕಿದ ಬೆರಳನ್ನು ಅವಳು ಅಲ್ಲೇ ಒರೆಸುತ್ತಿದ್ದಳು. ಎಷ್ಟು ಬೈದರೂ ಬಿಡಲಿಲ್ಲ. ಅದನ್ನು ತೆಗೆಯಬೇಡಿ ಸಣ್ಣಜ್ಜಿ ಎಂದು ಕಿರಿಯ ಮೊಮ್ಮಗ ಗಂಟುಬಿದ್ದ. ಚಿಕ್ಕವನಿದ್ದಾಗ ಅವಳ ಸೀರೆ ಹಿಡಿದು ಅಡುಗೆಮನೆಯಲ್ಲಿ ಹಿಂದೆ ಹಿಂದೆ ತಿರುಗುತ್ತಿದ್ದ ಹುಡುಗ. ಅವನ ಎತ್ತರಕ್ಕೆ ಸರಿಯಾಗಿ ಅದೇ ಜಾಗ ಸಿಗುತ್ತಿತ್ತು. ಅಷ್ಟರಲ್ಲಿ ಅವನ ಅಕ್ಕ ಬಕೆಟ್ಟಿಗೆ ಸೋಪಿನ ಪುಡಿ ಸುರಿದಾಗಿತ್ತು! ಸೋಪು ತಾಗಿದರೆ ಅರಿಸಿನ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಕೂಡಿಸಿ ಕುಂಕುಮ ಮಾಡುವುದನ್ನಾದರೂ ಕೇಳಿಲ್ಲವೇ? ಬಿಸಿಲು ಅರಿಸಿನವನ್ನು ತಿನ್ನುತ್ತದೆ. ಅಂಗಿಯ ಕಲೆ ಹೋಗಬೇಕಾದರೆ ಬಿಸಿಲಿಗೆ ಹರವಿ; ಇಂಥದ್ದು ಉಳಿಯಬೇಕಾದರೆ ಅಂಟುವಾಳ ನೆನೆಸಿದ ತಣ್ಣೀರಿನಲ್ಲಿ ಅದ್ದಿ ತೆಗೆದು, ಹಿಂಡದೆ, ನೆರಳಿನಲ್ಲಿ ಆರಿಸಿ. ಸ್ವಲ್ಪ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ.

ಸೋಪಿನ ಮಾತು ಬಂತೆಂದು ಹೇಳುತ್ತೇನೆ, ಅವಳ ರೊಟ್ಟಿ ಹಂಚನ್ನೂ ಯಾರೋ ಸೋಪು ಹಾಕಿ ಬೆಳ್ಳಗೆ ತಿಕ್ಕಿಟ್ಟಿದ್ದಾರೆ. ನಲವತ್ತು ವರ್ಷದ ಹಂಚು. ಈಗ ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಕಾಯಿಸಿ ಅದನ್ನು ಹದಕ್ಕೆ ತರುವುದು ಯಾರು? ನಾನೇ.

ಹೊಲಿಗೆಯಲ್ಲಿ ಇವರು ಮಾಡಿದ ತಪ್ಪು ಒಂದೇ, ಆದರೆ ದೊಡ್ಡದು. ಎಲ್ಲ ತುಂಡುಗಳನ್ನೂ ಮೊದಲೇ ಚೆಂದಕ್ಕೆ ಜೋಡಿಸಿ, ಪಿನ್ನು ಚುಚ್ಚಿ, ಫೋಟೊ ತೆಗೆದು, ಆಮೇಲೆ ಅಂಚಿನಿಂದ ಹೊಲಿಯುತ್ತ ಬಂದರು. ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಪೂರಿಯ ಹಾಗೆ ಉಬ್ಬಿತ್ತು. ಉಬ್ಬದೆ ಏನು ಮಾಡುತ್ತದೆ? ಸುಕ್ಕಿಗೆ ಓಡಿಹೋಗಲು ಒಂದು ದಾರಿ ಬೇಡವೇ?

ನಮ್ಮ ಅವ್ವ ಕಲಿಸಿದ್ದು ಹೀಗೆ. ನೆಲಕ್ಕೆ ಜಮಖಾನ ಹಾಸಿ, ಅದರ ಮೇಲೆ ಅಡಿಯ ಸೀರೆ, ಅದರ ಮೇಲೆ ಮೆತ್ತಗಾದ ಧೋತರ ಎರಡು ಪದರ. ಚಳಿ ಹೆಚ್ಚಿನ ಊರಾದರೆ ಇನ್ನೊಂದು. ಸುತ್ತಲಿನ ಅಂಚನ್ನು ಬೆರಳಗಲ ಒಳಕ್ಕೆ ಮಡಚಿ ಒಂದು ಮೂಲೆಯಲ್ಲಿ ಕುಳಿತುಕೊಳ್ಳಬೇಕು. ಮೇಲೆ ಇಡುವ ತುಂಡು ಮೂರೋ ನಾಲ್ಕೋ ಅಷ್ಟೇ. ಸೂಜಿ ಒಂದನ್ನು ದಾಟುವ ಹೊತ್ತಿಗೆ ಮುಂದಿನದರ ಹರಿದ ಬಾಯಿಯನ್ನು ಒಳಗೆ ಮಡಚಿ, ಹಿಂದಿನದರ ಮೇಲೆ ಚೂರು ಹತ್ತಿಸಿ ಕೂರಿಸಬೇಕು. ಒಂದು ಸುತ್ತು ಮುಗಿದರೆ ಬೆರಳಗಲ ಒಳಗೆ ಮತ್ತೊಂದು ಸುತ್ತು, ಅದರೊಳಗೆ ಇನ್ನೊಂದು. ನಾಲ್ಕು ಟಾಕು ಸೂಜಿಯ ಮೇಲೆ ಏರಿಸಿ ದಾರ ಎಳೆದಾಗೆಲ್ಲ ಎಡಗೈಯಿಂದ ಬಟ್ಟೆಯನ್ನು ನಡುವಿನ ಕಡೆಗೆ ಸವರಬೇಕು, ಮಗುವಿನ ಬೆನ್ನು ಸವರಿದ ಹಾಗೆ. ನಡುವೆ ತುಂಡು ಇಲ್ಲವಲ್ಲ, ಸಡಿಲವೆಲ್ಲ ಅಲ್ಲಿಗೆ ಸರಿದು ಹೋಗುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರೂ ಹೀಗೆಯೇ ಹೊರಗಿನಿಂದ ಒಳಕ್ಕೆ ಸುತ್ತುತ್ತ ಬರುತ್ತಾರೆ. ಅವರು ಅದಕ್ಕೆ ಕವಂದಿ ಎನ್ನುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ಹೂ ಹಚ್ಚುತ್ತಾರೆ. ಅವರ ಕೈಚಳಕ ನನಗಿಲ್ಲ.

ಟಾಕು ಜೋಳದ ಕಾಳಿನಷ್ಟಿರಲಿ. ದಾರ ಎರಡೆಳೆ, ಮೊಳಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉದ್ದ ದಾರ ಹಾಕಿದರೆ ಸಿಕ್ಕು ಬಿಡಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಗಂಟು ಪದರಗಳ ನಡುವೆ ಅಡಗಬೇಕು. ಅಕ್ಕ ಆ ಬದಿ, ನಾನು ಈ ಬದಿ ಕುಳಿತು ಹೊಲಿದ ಕೌದಿ ಇನ್ನೂ ನಮ್ಮ ಮನೆಯಲ್ಲಿದೆ. ಅವಳ ಟಾಕು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತು ಎಂದು ಕತ್ತಲಲ್ಲಿ ಬೆರಳಾಡಿಸಿ ಹೇಳಬಲ್ಲೆ. ಈ ಮಕ್ಕಳದ್ದನ್ನು ಹೇಳಲು ಬೆರಳೂ ಬೇಡ. ಒಬ್ಬಳದು ಸಾಸಿವೆ, ಇನ್ನೊಬ್ಬನದು ಅವರೆಕಾಳು. ಬಿಚ್ಚಿಸಲಿಲ್ಲ. ಎರಡು ಸಾಲು ಮಾತ್ರ ಬಿಚ್ಚಿಸಿದೆ.

ಅವ್ವ ಕಲಿಸಿದ ಹಾಗೆಯೇ ಸುತ್ತುತ್ತ ಬಂದು, ಕೊನೆಗೆ ನಡುವೆ ಅಂಗೈ ಅಗಲದ ಜಾಗ ಉಳಿಯಿತು. ಅರಿಸಿನದ ತುಂಡು ಅಲ್ಲಿಗೆಂದು ಹುಡುಗ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಮೂರು ಬದಿ ಹೊಲಿದು, ನಾಲ್ಕನೆಯದನ್ನು ಮುಚ್ಚುವ ಮೊದಲು ಐದಾರು ಅಕ್ಕಿಕಾಳು ಒಳಗೆ ಹಾಕಿದೆ. ಕೌದಿ ಹಸಿದಿರಬಾರದು ಎನ್ನುತ್ತಿದ್ದಳು ಅವ್ವ. ಹುಳ ಬೀಳುವುದಿಲ್ಲವೇ ಸಣ್ಣಜ್ಜಿ ಎಂದು ಕೇಳಿದ. ಐದು ಕಾಳು ತಿಂದು ಹುಳ ಎಷ್ಟು ಬೆಳೆದೀತು, ಸೂಜಿಗೆ ದಾರ ಪೋಣಿಸು ಎಂದೆ.