ಬಸ್‌ ಸ್ಟ್ಯಾಂಡಿನ ಅಜ್ಜನಿಗೆ ಊಟ ಒಯ್ಯುವ ಮೊದಲು

ಪ್ಲಸ್ ಟು ಓದುವಾಗ ಮೊದಲ ಸಲ ಕಾಸರಗೋಡಿನ ಹಳೆ ಬಸ್‌ ಸ್ಟ್ಯಾಂಡಿಗೆ, ಅಲ್ಲೇ ಮಲಗುವ ಮನೆಯಿಲ್ಲದವರಿಗೆಂದು, ಹತ್ತು ಪೊಟ್ಟಣ ಚಿತ್ರಾನ್ನ ಹೊತ್ತು ಹೋಗಿದ್ದೆ. ಮೂಲೆಯಲ್ಲಿದ್ದ ಅಜ್ಜ ಸುಮ್ನೆ ಬಾಯಿ ತೆರೆದು ತೋರಿಸಿದರು. ಒಂದು ಹಲ್ಲೂ ಇಲ್ಲ! ಒಗ್ಗರಣೆಯ ಕಡಲೆಬೇಳೆ ಹೇಗೆ ಅಗಿಯುವುದು? ಅದಕ್ಕೇ ಮೊದಲು ಕೇಳಿ, ಆಮೇಲೆ ಕಟ್ಟಿ. ಈಗ ನಾವು ಕುಚ್ಚಲಕ್ಕಿ ಗಂಜಿ, ಖಾರ ಕಡಿಮೆ ಹಾಕಿದ ಚಟ್ನಿ ಒಯ್ಯುತ್ತೇವೆ.

ನಿಂತುಕೊಂಡೇ ಮಾತಾಡಬೇಡಿ, ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಕನ್ನಡಕ್ಕೆ ಉತ್ತರ ಬರದಿದ್ದರೆ ತುಳುವಿನಲ್ಲಿ ‘ಒಣಸ್ ಆಂಡಾ?’ (ಊಟ ಆಯ್ತಾ?) ಅನ್ನಿ. ಅದೂ ಆಗದಿದ್ದರೆ ಮಲಯಾಳಂ, ಹಿಂದಿ. ನಮ್ಮೂರಲ್ಲಿ ಭಾಷೆಗೇನು ಬರವೇ? ಮಲಗಿದವರನ್ನು ಎಬ್ಬಿಸಬೇಡಿ. ಫೋಟೊ ಬೇಡವೇ ಬೇಡ. ನಿಮ್ಮ ಅಜ್ಜ ಉಣ್ಣುವುದನ್ನು ಯಾರೋ ಸ್ಟೇಟಸ್‌ಗೆ ಹಾಕಿದರೆ ನಿಮಗೆ ಹೇಗಾಗುತ್ತದೆ?

ಜೂನ್ ಮಳೆಗೆ ಕಂಬಳಿ ಒಯ್ದರೆ ಒಂದೇ ರಾತ್ರಿಯಲ್ಲಿ ಒದ್ದೆ ಮುದ್ದೆ. ಕೆಳಗೆ ಹಾಸಲು ಟಾರ್ಪಾಲಿನ ತುಂಡು, ಒಣಗಿದ ಲುಂಗಿ, ಒಂದು ಬೈರಾಸು (ಟವೆಲ್) ಜಾಸ್ತಿ ಉಪಯೋಗ.

ಒಬ್ಬರೇ ಹೋಗಬೇಡಿ. ಮೂರ್ನಾಲ್ಕು ಜನ, ಜೊತೆಗೊಬ್ಬರು ದೊಡ್ಡವರು, ಕತ್ತಲಾಗುವ ಮೊದಲು ಮನೆಗೆ. ಗಾಯ ಕೊಳೆತಿದ್ದರೆ ನೀವೇ ಡಾಕ್ಟರಾಗಬೇಡಿ, ಆಸ್ಪತ್ರೆಗೆ ಒಯ್ಯಲು 108ಕ್ಕೆ ಫೋನ್ ಮಾಡಿ. ಮಗು ಒಂಟಿಯಾಗಿ ಕಂಡರೆ ಮಕ್ಕಳ ಸಹಾಯವಾಣಿ 1098.