ಒಂದೂವರೆ ಗಂಟೆಯ ಕನೆಕ್ಷನ್ ಸಾಕೇ?

ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದವರು ಸೇರಿದಾಗಲೆಲ್ಲ ಯಾರಾದರೊಬ್ಬರು ಮೊಬೈಲ್ ಮುಂದೆ ಹಿಡಿದು ಕೇಳುತ್ತಾರೆ: “ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹಿಡಿಯಲು ನಡುವೆ ಒಂದೂವರೆ ಗಂಟೆ ಇದೆ, ಸಾಕಾಗುತ್ತದೆಯೇ?” ಮಗನನ್ನು ಓದಲು ಜರ್ಮನಿಗೆ ಕಳಿಸುವವರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರು, ಕಂಪನಿಯ ಕೆಲಸಕ್ಕೆ ಮೊದಲ ಸಲ ಹೊರದೇಶ ಕಾಣುವ ಹುಡುಗರು, ಎಲ್ಲರದೂ ಇದೇ ಚಿಂತೆ. ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ಮಾತ್ರೆ ಪ್ಯಾಕ್ ಮಾಡುವ ಯಂತ್ರಗಳನ್ನು ಹೊರದೇಶದ ಕಾರ್ಖಾನೆಗಳಲ್ಲಿ ಜೋಡಿಸಿ, ಕೆಟ್ಟರೆ ದುರಸ್ತಿ ಮಾಡಿ ಬರುವುದು ನನ್ನ ವೃತ್ತಿ. ಮುಂಬೈಯಿಂದ ನೇರ ವಿಮಾನವಿರುವ ಊರಿನಲ್ಲಿ ನಮ್ಮ ಗ್ರಾಹಕರ ಕಾರ್ಖಾನೆ ಇರುವುದು ತೀರ ಅಪರೂಪ.

ಆ ಪ್ರಶ್ನೆಗೆ ನಾನು ಹೌದು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ತಿರುಗಿ ಕೇಳುತ್ತೇನೆ: “ಆ ವಿಮಾನ ತಪ್ಪಿದರೆ ಅದೇ ಊರಿಗೆ ಮುಂದಿನದು ಯಾವಾಗ?” ಬಹಳ ಮಂದಿ ಇದನ್ನು ನೋಡಿಯೇ ಇರುವುದಿಲ್ಲ. ಟಿಕೆಟ್ ಕೊಳ್ಳುವ ಮುನ್ನ ನಾನು ಮೊದಲು ನೋಡುವುದೇ ಇದನ್ನು. ಫ್ರಾಂಕ್‌ಫರ್ಟ್‌ನಿಂದ ಹ್ಯಾಂಬರ್ಗ್‌ಗೆ ದಿನಕ್ಕೆ ಹಲವು ವಿಮಾನಗಳಿವೆ. ಅಲ್ಲಿ ಎಪ್ಪತ್ತು ನಿಮಿಷದ ಕನೆಕ್ಷನ್ ಇದ್ದರೂ ನಾನು ನೆಮ್ಮದಿಯಿಂದ ಟಿಕೆಟ್ ಕೊಳ್ಳುತ್ತೇನೆ. ತಪ್ಪಿದರೆ ಹೋಗುವುದು ಒಂದು ಬೆಳಗು, ಅಷ್ಟೇ. ಅಡಿಸ್ ಅಬಾಬಾದಿಂದ ವಾರಕ್ಕೆ ಮೂರ್ನಾಲ್ಕು ದಿನ ಮಾತ್ರ ವಿಮಾನವಿರುವ ಊರಿಗೆ ಹೋಗಬೇಕಾದರೆ ಮೂರು ಗಂಟೆಯ ಬಿಡುವೂ ನನಗೆ ಕಡಿಮೆಯೆನಿಸುತ್ತದೆ. ಅಲ್ಲಿ ತಪ್ಪಿತೆಂದರೆ ಎರಡು ದಿನ ಕುಳಿತಿರಬೇಕು, ಅತ್ತ ಕಾರ್ಖಾನೆಯಲ್ಲಿ ಯಂತ್ರ ನಿಂತಿರುತ್ತದೆ. ಇದೇ ಕಾರಣಕ್ಕೆ ದಿನದ ಕೊನೆಯ ವಿಮಾನವನ್ನು ಎರಡನೆಯ ಪಯಣಕ್ಕೆ ನಾನು ಆರಿಸುವುದೇ ಇಲ್ಲ.

ಅಡಿಸ್ ಅಬಾಬಾದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ವಿಮಾನ ನಿಲ್ದಾಣದೊಳಗೇ ಇದ್ದು ವಿಮಾನ ಬದಲಿಸಿ ಬಂದವರಿಗೆ ಭಾರತದಲ್ಲಿ ಆ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸುವುದರಿಂದ ವಿನಾಯಿತಿ ಸಿಗುವ ಅವಕಾಶವಿದೆ. ಆದರೆ ಕನೆಕ್ಷನ್ ತಪ್ಪಿ ವಿಮಾನ ಸಂಸ್ಥೆ ನಿಮ್ಮನ್ನು ಊರೊಳಗಿನ ಹೋಟೆಲಿಗೆ ಕಳಿಸಿತೆಂದರೆ ಲೆಕ್ಕವೇ ಬದಲಾಗುತ್ತದೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ಮರಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ಆರೋಗ್ಯಾಧಿಕಾರಿಗಳಿಗಿದೆ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಆ ಹಳದಿ ಪುಸ್ತಕ ನನ್ನ ಪಾಸ್‌ಪೋರ್ಟಿನ ಜೊತೆಯಲ್ಲೇ ಇರುತ್ತದೆ.

ಇನ್ನು ನಿಮಿಷಗಳ ಲೆಕ್ಕ. ಟಿಕೆಟ್ಟಿನಲ್ಲಿ ಬೆಳಿಗ್ಗೆ 6.10ಕ್ಕೆ ತಲುಪುವುದು, 7.35ಕ್ಕೆ ಹೊರಡುವುದು ಎಂದಿದೆ ಎಂದುಕೊಳ್ಳಿ. ಎಂಬತ್ತೈದು ನಿಮಿಷ ಕೈಯಲ್ಲಿದೆ ಎಂದು ಕಾಣುತ್ತದೆ. ಆದರೆ 7.35 ಎನ್ನುವುದು ವಿಮಾನ ಜಾಗ ಬಿಟ್ಟು ಕದಲುವ ಹೊತ್ತು. ಗೇಟು ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತದೆ. 6.10 ಎನ್ನುವುದು ವಿಮಾನ ಬಂದು ನಿಲ್ಲುವ ಹೊತ್ತು. ಬಾಗಿಲು ತೆರೆದು, ಹಿಂದಿನ ಸಾಲಿನವರು ಇಳಿಯುವಷ್ಟರಲ್ಲಿ ಇನ್ನೊಂದು ಕಾಲು ಗಂಟೆ ಸರಿಯುತ್ತದೆ. ವಿಮಾನವನ್ನು ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಕರೆದೊಯ್ದರೆ ಮತ್ತೆ ಹತ್ತು ನಿಮಿಷ. ಉಳಿದದ್ದು ನಲವತ್ತು. ಭಾರತದಿಂದ ಹೋದವರು ಯುರೋಪಿನಲ್ಲಿ ಮತ್ತೆ ಸೆಕ್ಯುರಿಟಿ ತಪಾಸಣೆಗೆ ನಿಲ್ಲಬೇಕು. ಮುಂದಿನ ಊರು ಷೆಂಗನ್ ಪ್ರದೇಶದೊಳಗಿದ್ದರೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಅದು) ಪಾಸ್‌ಪೋರ್ಟ್ ತಪಾಸಣೆ ನಡೆಯುವುದೂ ಮೊದಲು ಇಳಿದ ಊರಿನಲ್ಲೇ. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊಸ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿದೆ. ಮೊದಲ ಸಲ ಹೋದವರ ಬೆರಳಚ್ಚು, ಭಾವಚಿತ್ರ ತೆಗೆದುಕೊಳ್ಳುತ್ತಾರೆ. ಸಾಲು ನಿಧಾನವಾಗುವುದು ಸಹಜ. ಹಾಗಾಗಿ ಯುರೋಪಿಗೆ ಮೊದಲ ಸಲ ಹೋಗುವವರಿಗೆ ಎರಡೂವರೆ ಗಂಟೆಗಿಂತ ಕಡಿಮೆ ಬೇಡ ಎಂದೇ ಹೇಳುತ್ತೇನೆ.

“ವಿಮಾನ ಸಂಸ್ಥೆಯೇ ಆ ಟಿಕೆಟ್ ಮಾರಿದೆಯಲ್ಲ, ಅಂದ ಮೇಲೆ ಆಗಲೇಬೇಕಲ್ಲವೇ?” ಎಂದು ಕೆಲವರು ವಾದಿಸುತ್ತಾರೆ. ಪ್ರತಿ ನಿಲ್ದಾಣಕ್ಕೂ ಇಷ್ಟೇ ಕನಿಷ್ಠ ಸಮಯ ಎಂದು ಗೊತ್ತುಪಡಿಸಿರುತ್ತಾರೆ, ನಿಜ. ವಿಯೆನ್ನಾದಂಥ ಸಣ್ಣ, ಅಚ್ಚುಕಟ್ಟಾದ ನಿಲ್ದಾಣದಲ್ಲಿ ಅದು 25 ನಿಮಿಷದವರೆಗೂ ಇಳಿಯುತ್ತದೆ. ಆದರೆ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದಾಗ ಸಾಕಾಗುವ ಲೆಕ್ಕ ಅದು. ಮುಂಬೈಯಲ್ಲಿ ಜುಲೈ ತಿಂಗಳ ಮಳೆ ಹಿಡಿದಿರುವಾಗ ಎಲ್ಲವೂ ಸಮಯಕ್ಕೆ ನಡೆಯುತ್ತದೆ ಎಂದು ಯಾರು ತಾನೇ ನಂಬಿಯಾರು? ನಮ್ಮ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಒಮ್ಮೆಗೆ ಒಂದನ್ನೇ ಬಳಸಬೇಕು. ಸ್ವಲ್ಪ ತಡವಾದರೂ ಹಿಂದಿನ ವಿಮಾನಗಳೆಲ್ಲ ಸಾಲುಗಟ್ಟುತ್ತವೆ. ಮಳೆಗಾಲದಲ್ಲಿ ಮುಂಬೈಯಿಂದ ಹೊರಡುವಾಗ, ಡಿಸೆಂಬರ್ ಜನವರಿಯ ಮಂಜಿನಲ್ಲಿ ದೆಹಲಿಯ ಮೂಲಕ ಹೋಗುವಾಗ ನಾನು ಮಾಮೂಲಿಗಿಂತ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್ ಅಡಿಯಲ್ಲಿ ಇರುವುದು. ಹಾಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಂಸ್ಥೆಯದು. ಬೇರೆ ಬೇರೆಯಾಗಿ ಕೊಂಡಿದ್ದರೆ ಎರಡನೆಯವರಿಗೆ ನೀವು ಬಾರದೇ ಹೋದ ಪ್ರಯಾಣಿಕ, ಅಷ್ಟೇ. ಜೊತೆಗೆ ನಡುವಿನ ಊರಿನಲ್ಲಿ ಲಗೇಜು ಬಿಡಿಸಿಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ಆ ದೇಶದ ವೀಸಾ ಬೇಕು. ಹತ್ತು ಸಾವಿರ ರೂಪಾಯಿ ಉಳಿಯುತ್ತದೆಂದು ಬಿಡಿ ಟಿಕೆಟ್ ಕೊಳ್ಳಲೇಬೇಕಾದರೆ ನಡುವೆ ಒಂದು ರಾತ್ರಿ ತಂಗುವ ಹಾಗೆ ಕೊಳ್ಳಿ ಎನ್ನುತ್ತೇನೆ.

ಒಂದೇ ಟಿಕೆಟ್ಟಿಗೂ ಒಂದು ಕಟ್ಟುಪಾಡು ಇದೆ. ಪುಣೆಯಲ್ಲಿರುವ ನನ್ನ ಭಾವಮೈದುನ ಪುಣೆ–ದೆಹಲಿ–ಲಂಡನ್ ಟಿಕೆಟ್ ಕೊಂಡಿದ್ದ. ಹಿಂದಿನ ದಿನ ದೆಹಲಿಯಲ್ಲಿ ಕೆಲಸ ಬಿತ್ತು. “ಭಾವ, ಹೇಗೂ ದೆಹಲಿಯಲ್ಲೇ ಇರುತ್ತೇನೆ, ಅಲ್ಲಿಂದಲೇ ಹತ್ತುತ್ತೇನೆ” ಎಂದು ಫೋನ್ ಮಾಡಿದ. ಮೊದಲ ಪಯಣಕ್ಕೆ ಹೋಗದಿದ್ದರೆ ಉಳಿದ ಟಿಕೆಟ್ಟೆಲ್ಲ, ಮರಳಿ ಬರುವುದೂ ಸೇರಿ, ರದ್ದಾಗುತ್ತದೆ ಎಂದು ತಿಳಿಸಿ, ಸಂಸ್ಥೆಗೆ ಮೊದಲೇ ಹೇಳಿ ಟಿಕೆಟ್ ಬದಲಿಸುವಂತೆ ಮಾಡಿದೆ. ಹಣ ಕಟ್ಟಬೇಕಾಯಿತು, ಆದರೆ ಪ್ರಯಾಣ ಉಳಿಯಿತು.

ಪುಣೆಯವರಿಗೆ ಇನ್ನೊಂದು ಮಾತು. ಮುಂಬೈಯಿಂದ ವಿಮಾನ ಹಿಡಿಯುವವರು ಎಕ್ಸ್‌ಪ್ರೆಸ್‌ವೇಯ ಘಾಟನ್ನೂ ಒಂದು ಕನೆಕ್ಷನ್ ಎಂದೇ ಎಣಿಸಬೇಕು. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ಖಂಡಾಲದ ಬಳಿ ವಾಹನಗಳು ನಿಂತರೆ ನಿಂತೇ ಬಿಟ್ಟವು.

ಊರು ಒಂದಾದರೂ ನಿಲ್ದಾಣ ಎರಡಾಗಿರುವ ಕಾಲವಿದು. ಗೋವಾದಲ್ಲಿ ದಾಬೋಲಿಂನ ನಿಲ್ದಾಣಕ್ಕೆ ಟಿಕೆಟ್ಟಿನಲ್ಲಿ ಕಾಣುವ ಮೂರಕ್ಷರದ ಸಂಕೇತ ಜಿಒಐ, ಪೆರ್ನೆಮ್ ಕಡೆಯ ಮೋಪಾದ್ದು ಜಿಒಎಕ್ಸ್. ಒಂದು ದಕ್ಷಿಣದಲ್ಲಿ, ಇನ್ನೊಂದು ಉತ್ತರದ ತುದಿಯಲ್ಲಿ. ಮುಂಬೈಯಲ್ಲಿ ಸಹಾರ್‌ನ ಹಳೆಯ ನಿಲ್ದಾಣದ್ದು ಬಿಒಎಂ, 2025ರ ಡಿಸೆಂಬರ್ 25ರಂದು ವಿಮಾನ ಸಂಚಾರ ಆರಂಭಿಸಿದ ನವಿ ಮುಂಬೈಯದ್ದು ಎನ್‌ಎಂಐ. ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದು ಮುಂಬೈಯಲ್ಲಿ ವಿಮಾನ ಬದಲಿಸುವ ನಮ್ಮ ಬಂಧುಗಳಿಗೆ ಈ ಮೂರು ಅಕ್ಷರಗಳನ್ನು ಓದಿ ಹೇಳಿ ಎಂದು ಕೇಳುತ್ತೇನೆ. ಬಿಒಎಂ ಆದರೂ ಟರ್ಮಿನಲ್ ಯಾವುದು ಎಂಬುದು ಉಳಿಯುತ್ತದೆ. ದೇಶದೊಳಗಿನ ಕೆಲವು ವಿಮಾನಗಳು ಇಳಿಯುವುದು ಒಂದನೇ ಟರ್ಮಿನಲ್‌ನಲ್ಲಿ, ಹೊರದೇಶಕ್ಕೆ ಹೊರಡುವುದು ಎರಡನೆಯದರಿಂದ. ನಡುವಿನ ದಾರಿ ಊರ ರಸ್ತೆಯೇ. ವಿಲೆ ಪಾರ್ಲೆಯ ಸಂಜೆಯ ಟ್ರಾಫಿಕ್ಕಿಗೆ ನಿಮ್ಮ ಟಿಕೆಟ್ ಗೊತ್ತಿಲ್ಲ. ಮರಳಿ ಬರುವಾಗಲೂ ಅಷ್ಟೇ. ಸಾಮಾನ್ಯವಾಗಿ ಮುಂಬೈಯಲ್ಲೇ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಎಲ್ಲ ಮುಗಿಸಿ ಚೀಲವನ್ನು ಮತ್ತೆ ಒಪ್ಪಿಸಬೇಕು. ಮೂರು ಗಂಟೆ ಬೇಕೇ ಬೇಕು. ಇಮಿಗ್ರೇಷನ್ ಸಾಲಿನ ಮಟ್ಟಿಗೆ ಒಂದು ಒಳ್ಳೆಯ ಸುದ್ದಿ ಇದೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾದ ವಿಶ್ವಾಸಾರ್ಹ ಪ್ರಯಾಣಿಕರ ಯೋಜನೆ 2025ರ ಜನವರಿಯಲ್ಲಿ ಮುಂಬೈಗೂ ಬಂತು. ಶುಲ್ಕವಿಲ್ಲ. ಒಮ್ಮೆ ಅರ್ಜಿ ಹಾಕಿ ಬೆರಳಚ್ಚು ಕೊಟ್ಟರೆ ಸ್ವಯಂಚಾಲಿತ ಗೇಟಿನಲ್ಲಿ ಹಾದುಹೋಗಬಹುದು. ಮೇಲಿಂದ ಮೇಲೆ ಹೋಗಿಬರುವವರು ಇದನ್ನು ಖಂಡಿತ ಮಾಡಿಸಿಕೊಳ್ಳಬೇಕು.

ಚೆಕ್-ಇನ್ ಕೌಂಟರಿನಲ್ಲಿ ಲಗೇಜಿಗೆ ಪಟ್ಟಿ ಅಂಟಿಸುವಾಗ ನಾನು ಕಣ್ಣು ಕೀಳುವುದಿಲ್ಲ. ಒಮ್ಮೆ ಸಹಾರ್‌ನಲ್ಲಿ, ರಾತ್ರಿಯ ಜನಸಂದಣಿಯಲ್ಲಿ, ಹ್ಯಾಂಬರ್ಗ್‌ಗೆ ಹೋಗಬೇಕಾಗಿದ್ದ ನನ್ನ ಬಿಡಿಭಾಗಗಳ ಪೆಟ್ಟಿಗೆಗೆ ಅಂಟಿಸಿದ ಪಟ್ಟಿಯ ಮೇಲೆ ಎಫ್‌ಆರ್‌ಎ ಎಂದಷ್ಟೇ ಇತ್ತು. ಅಂದರೆ ಫ್ರಾಂಕ್‌ಫರ್ಟ್‌ನಲ್ಲೇ ಅದು ಕನ್ವೇಯರ್ ಮೇಲೆ ಸುತ್ತುತ್ತಿರುತ್ತಿತ್ತು. “ಎಚ್‌ಎಎಂ ಬರಬೇಕಿತ್ತಲ್ಲ” ಎಂದೆ. ಕೌಂಟರಿನ ಹುಡುಗಿ ಪೆಟ್ಟಿಗೆಯನ್ನು ಬೆಲ್ಟಿನಿಂದ ಹಿಂದಕ್ಕೆಳೆದು, ಪಟ್ಟಿ ಹರಿದು, ಎರಡೂ ಊರಿನ ಹೆಸರಿರುವ ಹೊಸ ಪಟ್ಟಿ ಸುತ್ತಿದಳು. ಹಳೆಯ ಪ್ರಯಾಣದ ಪಟ್ಟಿಗಳನ್ನೂ, ಪೆಟ್ಟಿಗೆಯ ಮೈಗೆ ಅಂಟಿದ ಚಿಕ್ಕ ಬಾರ್‌ಕೋಡ್ ಚೂರುಗಳನ್ನೂ ನಾನು ಮನೆಯಲ್ಲೇ ಕಿತ್ತು ಹಾಕಿರುತ್ತೇನೆ; ಯಂತ್ರ ತಪ್ಪು ಪಟ್ಟಿ ಓದಬಾರದು. ನನಗೆ ಸಿಗುವ ರಸೀದಿಯ ಚೂರನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ. ಇಷ್ಟಾಗಿಯೂ ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮುನ್ನವೇ ಪಿಐಆರ್ ಎಂಬ ವರದಿ ಬರೆಸಬೇಕು. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜು ತಡವಾಗಿ ಬಂದರೆ ಕೈಸೇರಿದ 21 ದಿನಗಳೊಳಗೆ, ಹಾಳಾಗಿದ್ದರೆ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು.

ವೀಸಾ ವಿಷಯದಲ್ಲಿ ಎರಡೇ ಎಚ್ಚರಿಕೆ. ಬ್ರಿಟನ್ನಿನಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ ನಿಲ್ದಾಣದಿಂದ ಹೊರಬಾರದಿದ್ದರೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ದೇಶಗಳ ಊರ್ಜಿತ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಎರಡನೆಯದು, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮ್ಯಾಡ್ರಿಡ್‌ಗೆ ಹೋಗಿ ಅಲ್ಲಿಂದ ದಕ್ಷಿಣ ಅಮೆರಿಕಕ್ಕೆ ಹಾರುವಂಥ ಟಿಕೆಟ್. ಷೆಂಗನ್‌ನ ಒಂದು ಊರಿನಿಂದ ಇನ್ನೊಂದಕ್ಕೆ ಹಾರುವುದೆಂದರೆ ಆ ಪ್ರದೇಶದೊಳಗೆ ಕಾಲಿಟ್ಟಂತೆಯೇ, ಷೆಂಗನ್ ವೀಸಾ ಇಲ್ಲದೆ ಆಗದು. ಮುಂಬೈಯಲ್ಲೇ ತಡೆದು ನಿಲ್ಲಿಸುತ್ತಾರೆ.

ವಿಮಾನದೊಳಗೆ ಮಾಡುವುದು ಹೆಚ್ಚೇನಿಲ್ಲ. ಮುಂದಿನ ಸಾಲಿನ, ನಡೆದಾಡುವ ಬದಿಯ ಸೀಟು. ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಮುಂಬೈಯಲ್ಲೇ ಕಾಗದದ ಮೇಲೆ. ನಿಲ್ದಾಣದ ನಕ್ಷೆ ಮೊದಲೇ ಮೊಬೈಲಿನಲ್ಲಿ, ಏಕೆಂದರೆ ಅಲ್ಲಿನ ವೈಫೈ ಕೇಳುವ ಒಟಿಪಿ ನಮ್ಮ ಸಿಮ್‌ಗೆ ಬಾರದೇ ಇರಬಹುದು. ವಿಮಾನ ತಡವಾಗಿದೆಯೆಂದು ಗೊತ್ತಾದೊಡನೆ ಸಿಬ್ಬಂದಿಗೆ ಹೇಳಿಬಿಡುತ್ತೇನೆ. ಎಷ್ಟೋ ಸಲ ಇಳಿಯುವ ಮುನ್ನ ಮುಂದಿನ ಖಾಲಿ ಸೀಟಿಗೆ ಕೂರಿಸಿದ್ದಾರೆ. ಬಾಗಿಲಲ್ಲೇ ಹೆಸರಿನ ಫಲಕ ಹಿಡಿದು ಕಾಯುತ್ತಿದ್ದವರು ಅಡ್ಡದಾರಿಯಲ್ಲಿ ಕರೆದೊಯ್ದದ್ದೂ ಇದೆ.

ಎಲ್ಲ ಮಾಡಿದರೂ ತಪ್ಪುವುದುಂಟು. ಯುರೋಪಿನ ಒಂದು ಸಂಸ್ಥೆಯ ವಿಮಾನ ತಾಂತ್ರಿಕ ದೋಷದಿಂದ ಮುಂಬೈಯಲ್ಲೇ ತಡವಾಗಿ, ನಾನು ಇಳಿಯುವ ಹೊತ್ತಿಗೆ ಮುಂದಿನದು ಹೊರಟುಹೋಗಿತ್ತು. ಸಹಾಯದ ಕೌಂಟರಿನ ಮುಂದೆ ನೂರಾರು ಜನ. ಸಾಲಿನಲ್ಲಿ ನಿಂತುಕೊಂಡೇ ಸಂಸ್ಥೆಯ ಆ್ಯಪ್ ತೆರೆದೆ, ಇನ್ನೊಂದೆಡೆ ಅವರ ಫೋನ್‌ಗೆ ಕರೆ ಹಚ್ಚಿದೆ. ಯಾವ ವಿಮಾನ ಬೇಕೆಂದು ನಾನೇ ಹುಡುಕಿ ಸಂಖ್ಯೆ ಸಮೇತ ಕೇಳಿದ್ದರಿಂದ, ಸಾಲು ಅರ್ಧ ಸರಿಯುವ ಮುನ್ನವೇ ಹೊಸ ಸೀಟು ಸಿಕ್ಕಿತು. ಆದರೂ ಊರು ಸೇರುವಾಗ ನಾಲ್ಕು ಗಂಟೆಗೂ ಹೆಚ್ಚು ತಡ. ಯುರೋಪಿನ 261/2004 ನಿಯಮದಡಿ ಇಂಥ ದೂರದ ಪಯಣಕ್ಕೆ 600 ಯೂರೋ ಪರಿಹಾರವಿದೆ. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಇಲ್ಲ. ಸಾಮಾನ್ಯ ತಾಂತ್ರಿಕ ದೋಷ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯವೇ ಹೇಳಿದೆ. ಮೊದಲ ಪತ್ರಕ್ಕೆ ನಿರಾಕರಣೆ ಬಂತು. ನಿಯಮವನ್ನು ಉಲ್ಲೇಖಿಸಿ ಮತ್ತೆ ಬರೆದೆ, ಹಣ ಬಂತು. ಟಿಕೆಟ್ ಕಂಪನಿ ಕೊಡಿಸಿದ್ದರೂ ಪರಿಹಾರ ಪ್ರಯಾಣಿಕನಿಗೇ ಸೇರುತ್ತದೆ. ಬೋರ್ಡಿಂಗ್ ಪಾಸನ್ನು ಎಸೆಯಬಾರದು ಎನ್ನುವುದು ಇದಕ್ಕೇ.

ಅಪ್ಪ ಅಮ್ಮ ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಗೆ ಹೊರಟಾಗ ಮಾತ್ರ ನನ್ನ ಲೆಕ್ಕಗಳನ್ನೆಲ್ಲ ಬದಿಗಿಟ್ಟೆ. ಅವರಿಗೆ ಬೇಕಾದದ್ದು ಬೇಗ ತಲುಪುವುದಲ್ಲ, ಗಾಬರಿಯಾಗದೆ ತಲುಪುವುದು. ಅಬುಧಾಬಿಯ ಮೂಲಕ ಟಿಕೆಟ್ ಮಾಡಿಸಿದೆ. ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ, ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ಪ್ರಯಾಣಿಕರಂತೆ ಹೊರಬರಬಹುದು. ಅಲ್ಲಿನ ತಪಾಸಣೆಗೆ ಸಮಯ ಹಿಡಿಯುತ್ತದೆಂದು ನಾಲ್ಕು ಗಂಟೆಯ ಬಿಡುವು ಇಟ್ಟೆ. ಇಬ್ಬರಿಗೂ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಬರೆಸಿದೆ. ಅದಕ್ಕೆ ಹಣವಿಲ್ಲ, ಕರೆದೊಯ್ಯುವವರು ಜೊತೆಗಿರುವುದರಿಂದ ದಾರಿ ಕೇಳುವ ಕಷ್ಟವೂ ಇಲ್ಲ. “ನಾನು ನಡೆಯಬಲ್ಲೆ, ನನಗೇಕೆ ಅದು?” ಎಂದು ಅಮ್ಮ ಬೇಸರಪಟ್ಟರು. “ನಡೆಯಲಿಕ್ಕಲ್ಲ ಅಮ್ಮ, ನಿಮ್ಮ ಜೊತೆ ಒಬ್ಬರು ಇರಲಿ ಎಂದು” ಎಂದಾಗ ಒಪ್ಪಿದರು.

ಅಮ್ಮ ಕೈಚೀಲದಲ್ಲಿಟ್ಟಿದ್ದ ಚಟ್ನಿಪುಡಿ, ಸಾರಿನಪುಡಿಯ ಡಬ್ಬಿಗಳನ್ನು ದೊಡ್ಡ ಲಗೇಜಿಗೆ ಹಾಕಿಸಿದೆ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರ್‌ಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಬಿಚ್ಚಿಸಿ ನೋಡುತ್ತಾರೆ, ತೆಗೆದಿಟ್ಟುಕೊಳ್ಳಲೂಬಹುದು. ಉಪ್ಪಿನಕಾಯಿಯೂ ಅಲ್ಲಿಗೇ ಹೋಯಿತು. ಒಣಕೊಬ್ಬರಿಯನ್ನು ಮನೆಯಲ್ಲೇ ಬಿಡಿಸಿದೆ, ಬೆಂಕಿ ಹೊತ್ತಿಕೊಳ್ಳುವ ವಸ್ತುವೆಂದು ಅದನ್ನು ಬಿಡುವುದಿಲ್ಲ. ಕೈಚೀಲದಲ್ಲಿ ಉಳಿದದ್ದು ಒಂದು ವಾರದ ಮಾತ್ರೆ, ವೈದ್ಯರ ಚೀಟಿ, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ. ಗೇಟಿನಲ್ಲಿ ಜಾಗವಿಲ್ಲವೆಂದು ಚೀಲ ಕೇಳಿದರೆ ಮೊದಲು ಪವರ್ ಬ್ಯಾಂಕನ್ನೂ ಮಾತ್ರೆಗಳನ್ನೂ ಹೊರತೆಗೆಯಬೇಕೆಂದು ಅಪ್ಪನಿಗೆ ಹೇಳಿಕೊಟ್ಟೆ. ಒಂದು ಹಾಳೆಯಲ್ಲಿ ಎರಡೂ ವಿಮಾನಗಳ ಸಂಖ್ಯೆ, ತಂಗಿಯ ವಿಳಾಸ, ನಮ್ಮಿಬ್ಬರ ಫೋನ್ ಸಂಖ್ಯೆಗಳನ್ನು ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಇಬ್ಬರ ಪಾಸ್‌ಪೋರ್ಟಿನೊಳಗೂ ಒಂದೊಂದು ಇಟ್ಟೆ. ಈಗ ಬಳಗದಲ್ಲಿ ಯಾರ ಅಪ್ಪ ಅಮ್ಮ ಹೊರಟರೂ ಅದೇ ಹಾಳೆಯ ನಮೂನೆಯನ್ನು ಕಳಿಸಿಕೊಡುತ್ತೇನೆ.